ನೋವು ಹೇಳುವ ಕಾಂಕ್ರೀಟು

ನಮ್ಮ ಅಡಿಗೆಮನೆಯ ಕಿಟಕಿಯ ಮೂಲೆಯಿಂದ ಮೇಲಕ್ಕೆ ಒಂದು ಬಿರುಕು ಬಿಟ್ಟಿದೆ. ಮೇಸ್ತ್ರಿ ಬಂದು ಬೆರಳಿನಿಂದ ಕುಟ್ಟಿ ನೋಡಿ, "ಮೇಲಿನ ಗಾರೆಯದು ಟೀಚರಮ್ಮ, ಬಳಿದುಬಿಟ್ಟರೆ ಕಾಣೋದೇ ಇಲ್ಲ" ಎಂದ. ಸಿವಿಲ್ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಅಲ್ಲೇ ಕಾಫಿ ಕುಡಿಯುತ್ತಿದ್ದ. "ದೊಡ್ಡಮ್ಮಾ, ತನಗೆ ಏನಾಗ್ತಿದೆ ಅಂತ ತಾನೇ ಹೇಳೋ ಕಾಂಕ್ರೀಟು ಇದೆ, ಗೊತ್ತಾ?" ಎಂದ. ನಾನು ಓದಿದ್ದು ಬಿ.ಎ., ಕಲಿಸುವುದು ಕನ್ನಡ ಮತ್ತು ಸಮಾಜ. ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡೆ.

ಚೇಷ್ಟೆಯಲ್ಲವಂತೆ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಡೆಬೊರಾ ಚುಂಗ್ ಎಂಬ ವಿಜ್ಞಾನಿ 1993ರಲ್ಲೇ ಸಂಗಡಿಗರೊಬ್ಬರ ಜೊತೆ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದ್ದಾರೆ. ಹೆಂಗಸೆಂದು ಕೇಳಿ ನನ್ನ ಆಸಕ್ತಿ ಹೆಚ್ಚಿತು, ಸುಳ್ಳೇಕೆ ಹೇಳಲಿ. ಸಿಮೆಂಟು ಕಲಸುವಾಗ ಕೂದಲಿಗಿಂತ ಸಪೂರವಾದ, ಅರ್ಧ ಸೆಂಟಿಮೀಟರಿನಷ್ಟು ಉದ್ದದ ಕಾರ್ಬನ್ ನಾರುಗಳನ್ನು ಬೆರೆಸುತ್ತಾರೆ. ಒಟ್ಟು ಗಾತ್ರದಲ್ಲಿ ಶೇಕಡಾ 1ಕ್ಕಿಂತ ಕಡಿಮೆಯಾದರೂ ಸಾಕು, ಸಾರಿಗೆ ಉಪ್ಪಿನ ಹಾಗೆ. ಆದರೆ ಒಂದೇ ಕಡೆ ಗಂಟಾಗದೆ ಎಲ್ಲ ಕಡೆಗೂ ಹರಡಬೇಕು. ನಾರಿನಲ್ಲಿ ವಿದ್ಯುತ್ತು ಹರಿಯುತ್ತದೆ. ಕಾಂಕ್ರೀಟನ್ನು ಎಳೆದರೆ ನಾರು ಕಣ್ಣಿಗೆ ಕಾಣದಷ್ಟು ಹೊರಜಾರಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ, ಒತ್ತಿದರೆ ತಡೆ ಇಳಿಯುತ್ತದೆ. ಭಾರ ತೆಗೆದ ಮೇಲೆ ಅದು ಮೊದಲಿನ ಮಟ್ಟಕ್ಕೆ ಬರಬೇಕು. ಒಳಗೆ ಪೆಟ್ಟಾಗಿದ್ದರೆ ಮಾತ್ರ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ತೇವಕ್ಕೂ ಬಿಸಿಗೂ ತಡೆ ಬದಲಾಗುವುದರಿಂದ, ಹವೆಯ ಮಾತು ಯಾವುದು, ನೋವಿನ ಮಾತು ಯಾವುದು ಎಂದು ಬಿಡಿಸಿ ತಿಳಿಯಬೇಕಂತೆ.

ಅವನು ಹೊರಟುಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಭಾರ ಇಳಿದರೂ ಹಿಂದಕ್ಕೆ ಬಾರದ ಪೆಟ್ಟು. ನನಗೆ ಅಮ್ಮ ನೆನಪಾದಳು.

ಅಮ್ಮ ಭೂಮಿತೂಕದವಳು ಎಂದು ಊರೇ ಹೊಗಳುತ್ತಿತ್ತು. ಎದೆಯಲ್ಲಿ ಗಂಟು ಕಾಣಿಸಿಕೊಂಡು ಎಂಟು ತಿಂಗಳಾಗಿದ್ದರೂ ಯಾರಿಗೂ ಹೇಳಿರಲಿಲ್ಲ. ಕೇಳಿದಾಗಲೆಲ್ಲ "ಏನಿಲ್ಲ ಬಿಡೇ, ಗ್ಯಾಸು" ಎನ್ನುತ್ತಿದ್ದಳು. ಡಾಕ್ಟರು ನೋಡುವ ಹೊತ್ತಿಗೆ ಕೈಮೀರಿತ್ತು. ಅಮ್ಮ ಮುಚ್ಚಿಟ್ಟಿದ್ದು ತಪ್ಪೋ, ತ್ಯಾಗವೋ ಎಂದು ನಾವು ಅಕ್ಕತಂಗಿಯರು ವರ್ಷಗಟ್ಟಲೆ ವಾದ ಮಾಡಿದ್ದೇವೆ. ಆ ವಾದದಲ್ಲಿ ನಾನು ಒಂದು ಮಾತನ್ನು ಯಾವತ್ತೂ ಹೇಳಿಲ್ಲ. ಬಿಂದಿಗೆ ಎತ್ತುವಾಗ ಅವಳ ಮುಖ ಕಿವುಚಿಕೊಳ್ಳುವುದನ್ನು ನಾನು ಕಂಡಿದ್ದೆ. ಆಗ ಎಸ್ಸೆಸ್ಸೆಲ್ಸಿ ಪೇಪರು ತಿದ್ದುವ ಕಾಲ. ಒತ್ತಾಯಿಸಿ ಕೇಳಿದರೆ ರಜೆ ಹಾಕಬೇಕಾಗುತ್ತದೆ ಎಂದು, "ಗ್ಯಾಸು" ಎಂಬುದನ್ನು ನಂಬಿದವಳಂತೆ ನಡೆದುಕೊಂಡೆ. ಅವಳು ಹೇಳಲಿಲ್ಲ ಎಂಬುದು ಅರ್ಧ ನಿಜ. ಅವಳ ಮೈ ಹೇಳಿತ್ತು.

ಇಟಲಿಯ ಜಿನೋವಾದಲ್ಲಿ 2018ರ ಆಗಸ್ಟ್ 14ರಂದು ಸೇತುವೆಯೊಂದು ಕುಸಿದು 43 ಜನ ಸತ್ತರು. ಅದನ್ನು ಎತ್ತಿ ಹಿಡಿದಿದ್ದ ಉಕ್ಕಿನ ಹಗ್ಗಗಳ ಸುತ್ತ ಕಾಂಕ್ರೀಟು ಹೊದಿಸಿದ್ದರಿಂದ ಒಳಗಿನ ತುಕ್ಕು ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೆ ಅದರ ವಿನ್ಯಾಸ ಮಾಡಿದ ರಿಕಾರ್ಡೊ ಮೊರಾಂಡಿಯವರೇ 1979ರಲ್ಲಿ ತುಕ್ಕಿನ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು. ಬಾಯಿಲ್ಲದ ಕಾಂಕ್ರೀಟಿಗೆ ಬಾಯಿ ಕೊಡಬಹುದು. ತಂತಿಯ ಆ ತುದಿಯಲ್ಲಿ ಕೂತವನು ರಜೆಯ ಲೆಕ್ಕ ಹಾಕುತ್ತಿದ್ದರೆ?

ಹಾಗೆಂದು ಹೆಂಗಸರೆಲ್ಲ ಸುಮ್ಮನಿರುವುದೇ ಸರಿ ಎನ್ನಲೂ ಮನಸ್ಸು ಬರುವುದಿಲ್ಲ. ಸುಮ್ಮನಿದ್ದು ಸುಮ್ಮನಿದ್ದು ಕೇಳುವವರಿಗೆ ನಾವೇ ಒಂದು ನೆಪ ಒದಗಿಸಿಕೊಡುತ್ತೇವೇನೋ. ಮೂರು ತಿಂಗಳಿಂದ ಶಾಲೆಯ ಮೆಟ್ಟಿಲು ಹತ್ತುವಾಗ ನನ್ನ ಎಡಭುಜ ಹಿಡಿದಂತಾಗುತ್ತದೆ. ಮಗಳಿಗೆ ಹೇಳಿಲ್ಲ. ಅವಳಿಗೆ ಎಳೆಗೂಸು, ದೂರದ ಊರು. ಮೆಟ್ಟಿಲು ಇಳಿದು ಕೂತರೆ ಮೊದಮೊದಲು ಹೋಗಿಬಿಡುತ್ತಿತ್ತು. ಈಚೆಗೆ ಪೂರ್ತಿ ಹೋಗುವುದಿಲ್ಲ.

ಮೇಸ್ತ್ರಿಗೆ ಬಳಿಯಬೇಡ ಎಂದೆ. ತಂಗಿಯ ಮಗ ಹೇಳಿಕೊಟ್ಟಂತೆ ಬಿರುಕಿಗೆ ಅಡ್ಡವಾಗಿ ಒಂದು ಗಾಜಿನ ಪಟ್ಟಿ ಅಂಟಿಸಿದ್ದಾನೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಸೀಳುತ್ತದೆ. ಬೆಳಿಗ್ಗೆ ಹಾಲು ಕಾಯಿಸುವಾಗ ಅದನ್ನು ನೋಡುತ್ತೇನೆ. ನಿನ್ನೆ ರಾತ್ರಿ ಮಗಳಿಗೆ ಫೋನು ಮಾಡಿದೆ. "ಏನಮ್ಮಾ ಇಷ್ಟು ಹೊತ್ತಿನಲ್ಲಿ, ಎಲ್ಲ ಸರಿ ಇದೀಯಲ್ಲ?" ಎಂದಳು. ಬಾಯಿಗೆ ಬಂದ "ಏನಿಲ್ಲ"ವನ್ನು ನುಂಗಿಕೊಂಡು, "ಪಾಪು ಮಲಗಿದೆಯಾ? ಸ್ವಲ್ಪ ಕೂತ್ಕೋ, ಒಂದು ವಿಷಯ ಹೇಳಬೇಕು" ಎಂದೆ.