ಪ್ರಾರ್ಥನೆಯ ಋಣ

ನವರಾತ್ರಿಯ ಒಂಬತ್ತು ದಿನಗಳೂ ನಾವು ದೇವಿಯ ಸನ್ನಿಧಿಯಲ್ಲಿ ಕೈಜೋಡಿಸಿ ಬೇಡುತ್ತೇವೆ. ಆರೋಗ್ಯ, ಮಕ್ಕಳ ವಿದ್ಯೆ, ಉದ್ಯೋಗದಲ್ಲಿ ಬಡ್ತಿ - ಬೇಡಿಕೆಗಳಿಗೆ ಕೊನೆಯಿಲ್ಲ. ಆದರೆ ದೇವರು ಸರ್ವಜ್ಞನಾದರೆ ನಮ್ಮ ಕೊರತೆಗಳು ಅವನಿಗೆ ತಿಳಿಯವೆ? ತಿಳಿದಿರುವುದಾದರೆ ಬೇಡುವುದೇತಕ್ಕೆ? ಎಲ್ಲ ಮತಗಳ ಭಕ್ತರನ್ನೂ ಕಾಡುವ ಈ ಪ್ರಶ್ನೆಗೆ ಕ್ರೈಸ್ತಧರ್ಮವು ನೀಡುವ ಉತ್ತರವು ನಮಗೂ ಮನನಯೋಗ್ಯವಾಗಿದೆ.

ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು, ಬೇಡುವ ಮೊದಲೇ ನಿಮ್ಮ ಅಗತ್ಯವು ತಂದೆಗೆ ತಿಳಿದಿದೆ ಎಂದು ಹೇಳಿ, ಅದರ ಬೆನ್ನಿಗೇ ಶಿಷ್ಯರಿಗೆ ಪ್ರಾರ್ಥನೆಯೊಂದನ್ನು ಕಲಿಸುತ್ತಾರೆ. ಅಂದಮೇಲೆ ಪ್ರಾರ್ಥನೆಯು ದೇವರಿಗೆ ಸುದ್ದಿ ಮುಟ್ಟಿಸುವ ಅರ್ಜಿಯಲ್ಲ. ಬೇಡುವವನನ್ನೇ ತಿದ್ದುವ ಸಾಧನ. ಗೆತ್ಸೆಮನೆಯ ತೋಟದಲ್ಲಿ ಸ್ವತಃ ಯೇಸುವೇ ತಮ್ಮ ಸಂಕಟ ನೀಗಲೆಂದು ಬೇಡಿದರು. ಸಂಕಟ ನೀಗಲಿಲ್ಲ; ಅದನ್ನು ಎದುರಿಸುವ ಸ್ಥೈರ್ಯದೊಡನೆ ಅವರು ಎದ್ದು ನಡೆದರು.

ಅವರು ಕಲಿಸಿದ ಪ್ರಾರ್ಥನೆಯಲ್ಲಿ ‘ನನಗೆ’ ಎಂಬ ಮಾತಿಲ್ಲ. ಅನ್ನವನ್ನು ಬೇಡುವುದೂ ‘ನಮಗೆ’ ಎಂದೇ. ನೆರೆಯವನ ಹಸಿವೂ ಅದರೊಳಗೆ ಸೇರಿದೆ. ನಮ್ಮ ಸನತ್‌ನಗರದಿಂದ ಸುಮಾರು 100 ಕಿ.ಮೀ. ದೂರದಲ್ಲಿರುವ ಮೆದಕ್ ಚರ್ಚನ್ನು ಅನೇಕರು ಕಂಡಿರಬಹುದು. ಕ್ಷಾಮಕಾಲದಲ್ಲಿ ಹಸಿದವರಿಗೆ ಕೆಲಸ ಕೊಟ್ಟು, ಕೂಲಿಯಾಗಿ ಅನ್ನವಿತ್ತು ಪಾದ್ರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಅವರು ಕಟ್ಟಿಸಿದ ಆ ಮಂದಿರವು 1924ರ ಡಿಸೆಂಬರ್ 25ರಂದು ಪ್ರತಿಷ್ಠೆಗೊಂಡಿತು. ಅಲ್ಲಿ ಅನ್ನದ ಮೊರೆಗೆ ಉತ್ತರ ದೊರೆತದ್ದು ಮನುಷ್ಯರ ಕೈಗಳಿಂದಲೇ.

ಅನ್ನದ ಬಳಿಕ ಬರುವುದು ಕ್ಷಮೆ. ನಮಗೆ ತಪ್ಪುಮಾಡಿದವರನ್ನು ನಾವು ಕ್ಷಮಿಸುವುದರೊಡನೆ ನಮ್ಮ ತಪ್ಪುಗಳ ಕ್ಷಮೆಯನ್ನು ಇಲ್ಲಿ ಜೋಡಿಸಲಾಗಿದೆ. ಮತ್ತಾಯನ ಗ್ರೀಕ್ ಮೂಲದಲ್ಲಿ ‘ತಪ್ಪು’ ಎಂಬಲ್ಲಿರುವ ಪದಕ್ಕೆ ‘ಸಾಲ’ ಎಂದೇ ಅರ್ಥ. ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ದಿನ ಕಳೆಯುವ ನನಗೆ ಈ ಪದವು ಬಲು ಹತ್ತಿರದ್ದು. ಅದೇ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಒಬ್ಬ ಆಳಿನ ಕಥೆಯಿದೆ. ಅರಸನು ಅವನ 10,000 ತಲಾಂತುಗಳ ಸಾಲವನ್ನು, ಎಂದರೆ ಜನ್ಮಜನ್ಮಾಂತರಗಳಲ್ಲಿಯೂ ತೀರದ ಮೊತ್ತವನ್ನು, ಮನ್ನಾ ಮಾಡುತ್ತಾನೆ. ಹೊರಗೆ ಬಂದ ಆಳು, ತನಗೆ ಕೇವಲ 100 ದಿನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ!

ಹಾಗಾದರೆ ಕ್ಷಮೆಯೂ ಕೊಡು-ಕೊಳ್ಳುವ ವ್ಯಾಪಾರವೆ? ಅಲ್ಲ. ಕಥೆಯಲ್ಲಿ ಅರಸನ ಮನ್ನಾ ಮೊದಲು ಬಂದಿತು. ಆಳು ಅದನ್ನು ಸಂಪಾದಿಸಿದವನಲ್ಲ. ಪಡೆದುದಕ್ಕೆ ತಕ್ಕಂತೆ ನಡೆಯದೆ ಅದನ್ನು ಕಳೆದುಕೊಂಡವನು. ಪ್ರಾರ್ಥಿಸುವವನ ಋಣ ಇದೇ: ದೇವರಿಂದ ತಾನು ಬಯಸುವ ಔದಾರ್ಯವನ್ನು ಮೊದಲು ತಾನು ಇತರರಿಗೆ ತೋರುವುದು.

ಹುಟ್ಟೂರನ್ನು ಬಿಟ್ಟು ಬಂದು ಇಲ್ಲಿ ನೆಲೆಸಿದ ನಮ್ಮಲ್ಲಿ, ಜಮೀನಿನ ಪಾಲಿಗಾಗಿ ಒಡಹುಟ್ಟಿದವರೊಡನೆ ಮಾತು ಬಿಟ್ಟವರು ಎಷ್ಟು ಮಂದಿ ಇಲ್ಲ? ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಇರಿಸಿ, ಮೊದಲು ಸಹೋದರನೊಡನೆ ರಾಜಿಯಾಗಿ ಬರಬೇಕೆಂದು ಯೇಸುವಿನ ಬೋಧೆ. ವಿಜಯದಶಮಿಯಂದು ಬನ್ನಿಯೆಲೆಯನ್ನು ಬಂಗಾರವೆಂದು ಹಂಚುವ ನಮ್ಮ ಹಿರಿಯರ ಪದ್ಧತಿಯೂ ಹಗೆ ಮರೆತು ಒಂದಾಗಿರೆಂದೇ ಸಾರುತ್ತದೆ. ಈ ಸಲ ಆ ಬನ್ನಿಯ ಮೊದಲ ಎಲೆಯು ಮುನಿದ ಬಂಧುವಿಗೆ ಸಲ್ಲಲಿ. ಆಗ ದೇವಿಯ ಮುಂದೆ ಜೋಡಿಸುವ ಕೈಗಳಿಗೆ ಬೇಡುವ ಅರ್ಹತೆ ಬಂದೀತು.