ಆ ಸೊಸೆ ಯಾವಾಗ ಉಂಡಳು?

ನಮ್ಮ ಶಿಕಾರಿಪುರ, ಸೊರಬದ ಕಡೆಯ ಹೆಂಗಸರಿಗೆ ಸಿನಿಮಾ ನೋಡಿ ಅಳುವುದಕ್ಕೆ ನಾಚಿಕೆಯಿಲ್ಲ. ಮನೆಯಲ್ಲಿ ಸುಮ್ಮನೆ ಕೂತು ಅತ್ತರೆ ಯಾಕೆ, ಏನಾಯಿತು ಎಂದು ಕೇಳುವವರು ಹತ್ತು ಮಂದಿ. ಸಿನಿಮಾದ ಮುಂದೆ ಅತ್ತರೆ ಕೇಳುವವರಿಲ್ಲ. ಅದರಲ್ಲೂ ವಯಸ್ಸಾದ ತಂದೆತಾಯಿಯರ ಕತೆಯಾದರಂತೂ ಸೆರಗು ಒದ್ದೆಯಾಗದೆ ನಾವು ಏಳುವುದೇ ಇಲ್ಲ. ಹಾಗೆ ಅತ್ತು ಎದ್ದು, ಒಲೆಯ ಮೇಲೆ ಸಾರು ಬಿಸಿಗಿಟ್ಟ ಮೇಲೆ ನನಗೊಂದು ಪ್ರಶ್ನೆ ಕಾಡುತ್ತದೆ. ನಾವು ಅತ್ತಿದ್ದು ಯಾರಿಗಾಗಿ?

ಬಿ. ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' ಬಂದದ್ದು 1958ರಲ್ಲಿ. ಊರಿನ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಮೇಷ್ಟ್ರು ಕೊನೆಗಾಲದಲ್ಲಿ ತನ್ನ ಮಕ್ಕಳಿಗೇ ಹೊರೆಯಾಗುತ್ತಾರೆ. ಗಂಡ ಒಬ್ಬ ಮಗನ ಮನೆಯಲ್ಲಿ, ಹೆಂಡತಿ ಇನ್ನೊಬ್ಬ ಮಗನ ಮನೆಯಲ್ಲಿ. ಕೊನೆಗೆ ಕೈ ಹಿಡಿಯುವವನು ಹಿಂದೆ ಪಾಠ ಹೇಳಿಸಿಕೊಂಡ ಶಿಷ್ಯ. ಅರ್ಧ ಶತಮಾನದ ನಂತರ, 2007ರಲ್ಲಿ, ವಿಷ್ಣುವರ್ಧನ್ ಮತ್ತು ಜಯಪ್ರದಾ ನಟಿಸಿದ 'ಈ ಬಂಧನ' ಬಂತು. ಅದರಲ್ಲೂ ಹೀಗೆಯೇ ಗಂಡ ಹೆಂಡತಿಯನ್ನು ಪಾತ್ರೆ ಪಡಗದ ಹಾಗೆ ಪಾಲು ಮಾಡಿಕೊಳ್ಳುತ್ತಾರೆ. ಅಮೆರಿಕದಲ್ಲಿಯೂ ಇಂಥದೇ ಕತೆಯ ಸಿನಿಮಾ 1937ರಷ್ಟು ಹಿಂದೆಯೇ ಬಂದಿತ್ತಂತೆ. ಅಂದರೆ ಈ ನೋವು ಒಂದು ಊರಿನದಲ್ಲ, ಒಂದು ಕಾಲದ್ದೂ ಅಲ್ಲ.

ಆದರೆ ಇಂಥ ಕತೆಗಳಲ್ಲಿ ಸಾಮಾನ್ಯವಾಗಿ ತಪ್ಪಿತಸ್ಥಳು ಯಾರು? ಸೊಸೆ. ಮಗ ಮೆತ್ತಗಿನವನು, ಹೆಂಡತಿಯ ಮಾತು ಕೇಳಿ ಕೆಟ್ಟವನು. ಒಮ್ಮೆ ಟಿ.ವಿ.ಯಲ್ಲಿ ಇಂಥದೊಂದು ಸಿನಿಮಾ ನೋಡುತ್ತಿದ್ದಾಗ ನಮ್ಮತ್ತೆ ಕಣ್ಣೊರೆಸಿಕೊಳ್ಳುತ್ತಲೇ ಥಟ್ಟನೆ ಒಂದು ಮಾತು ಹೇಳಿದರು: "ಅಲ್ವೇ, ಆ ಸೊಸೆ ಬೆಳಗ್ಗಿಂದ ಎಲ್ಲರ ಹತ್ರ ಬೈಸ್ಕೊಳ್ಳೋದೇ ತೋರ್ಸಿದ್ರು. ಅವಳು ಯಾವಾಗ ಉಂಡಳು ಅಂತ ತೋರ್ಸಲೇ ಇಲ್ವಲ್ಲ." ನಾನು ನಕ್ಕುಬಿಟ್ಟೆ. ಆದರೆ ಅವರು ನಗಿಸಲು ಹೇಳಿದ್ದಲ್ಲ. ನಲವತ್ತು ವರ್ಷ ಎಲ್ಲರದ್ದೂ ಆದ ಮೇಲೆ ಉಂಡವರು ಅವರು.

ಮುಪ್ಪಿನ ಕಾಲದ ಆರೈಕೆ ಎಂಬುದು ಕರ್ತವ್ಯದ ಮಾತಾದಾಗ ಮಗನದು, ಕೆಲಸದ ಮಾತಾದಾಗ ಸೊಸೆಯದು. "ಮಗ ಚೆನ್ನಾಗಿ ನೋಡಿಕೊಳ್ಳುತ್ತಾನಪ್ಪ" ಎಂದು ಊರೆಲ್ಲ ಹೇಳುತ್ತದೆ. ಗಂಜಿಯನ್ನು ನುಣ್ಣಗೆ ಮಾಡುವವಳು, ಗುಳಿಗೆಯ ಹೊತ್ತು ನೆನಪಿಡುವವಳು, ಒದ್ದೆ ಹಾಸಿಗೆ ಬದಲಿಸುವವಳು, ರಾತ್ರಿ ಒಂದು ಕೆಮ್ಮು ಕೇಳಿದರೆ ಎದ್ದು ಕೂರುವವಳು ಆ ಮಾತಿನಲ್ಲಿ ಎಲ್ಲೂ ಬರುವುದಿಲ್ಲ. ಕಾನೂನಿನಲ್ಲೂ ಅವಳಿಲ್ಲ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಕೇಂದ್ರದ ಕಾಯಿದೆ ಬಂತು. ಮಕ್ಕಳು ನೋಡಿಕೊಳ್ಳದಿದ್ದರೆ ನಮ್ಮ ಎರಡೂ ತಾಲ್ಲೂಕಿನ ಹಿರಿಯರು ಸಾಗರದ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಆ ಕಾಯಿದೆಯಲ್ಲಿ ಮಕ್ಕಳು ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರಿಲ್ಲ. ಮಗಳ ಹೆಸರಿದೆ ಎಂಬುದನ್ನು ಮಾತ್ರ ನಾವೆಲ್ಲ ಗಮನಿಸಬೇಕು.

ಏಕೆಂದರೆ ನಾವು ಸೊಸೆಯರಷ್ಟೇ ಅಲ್ಲ, ಮಗಳೂ ಹೌದು. ನಾನಿರುವುದು ಶಿಕಾರಿಪುರದಲ್ಲಿ, ನಮ್ಮಮ್ಮ ಸೊರಬದ ಹತ್ತಿರ ಅಣ್ಣನ ಮನೆಯಲ್ಲಿ. ಅಮ್ಮನಿಗೆ ಜ್ವರ ಎಂದರೆ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋಗಿ, ಇಲ್ಲಿ ಅತ್ತೆಯ ರಾತ್ರಿ ಗುಳಿಗೆಯ ಹೊತ್ತಿಗೆ ವಾಪಸು ಬರಲಾಗುತ್ತದೆಯೇ ಎಂದು ಲೆಕ್ಕ ಹಾಕುತ್ತೇನೆ. ನನ್ನ ತಾಯಿಯ ಮುಪ್ಪು ಇನ್ನೊಬ್ಬರ ಮಗಳ ಕೈಯಲ್ಲಿದೆ, ಇನ್ನೊಬ್ಬರ ತಾಯಿಯ ಮುಪ್ಪು ನನ್ನ ಕೈಯಲ್ಲಿ. ಇದನ್ನು ಋಣ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹೆತ್ತು ಸಾಕಿದವರಿಗೆ ಋಣ ತೀರಿಸುವುದು ಸರಿ. ಆದರೆ ನಮ್ಮತ್ತಿಗೆ ನಮ್ಮಮ್ಮನ ಎದೆಹಾಲು ಕುಡಿದವಳಲ್ಲ. ಅವಳು ಮಾಡುತ್ತಿರುವುದು ಋಣಕ್ಕಿಂತ ದೊಡ್ಡದು.

ಹಾಗೆಂದು ಎಲ್ಲ ಸೊಸೆಯರೂ ದೇವತೆಗಳೆಂದು ನಾನು ವಾದಿಸುವುದಿಲ್ಲ. ತಟ್ಟೆಯನ್ನು ಕುಕ್ಕಿ ಇಡುವವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಸಿನಿಮಾದವರು ಸುಳ್ಳು ಹೇಳುತ್ತಿಲ್ಲ, ಅರ್ಧ ಹೇಳುತ್ತಾರೆ. ಉಳಿದರ್ಧ ಹೇಳಿದವರೂ ಇದ್ದಾರೆ. ಜಪಾನಿನ ಓಝು ಎಂಬ ನಿರ್ದೇಶಕರ 'ಟೋಕಿಯೋ ಸ್ಟೋರಿ' 1953ರದು. ದೂರದ ಊರಿನಿಂದ ಮಕ್ಕಳನ್ನು ನೋಡಲು ಬಂದ ಮುದುಕ ಮುದುಕಿಯರಿಗೆ ಹೆತ್ತ ಮಕ್ಕಳು ಹೊತ್ತು ಕೊಡುವುದಿಲ್ಲ. ಆಫೀಸಿಗೆ ರಜೆ ಹಾಕಿ ಊರು ತೋರಿಸುವವಳು ವಿಧವೆ ಸೊಸೆ ನೊರಿಕೊ. ನನಗೆ ಹಿಡಿಸಿದ್ದು ಅದಕ್ಕಿಂತ ಮುಂದಿನದು. ಅತ್ತೆ ತೀರಿಕೊಂಡ ಮೇಲೆ ಮಾವ ಅವಳನ್ನು ಹೊಗಳಿದರೆ, ತಾನು ಅಷ್ಟು ಒಳ್ಳೆಯವಳಲ್ಲ ಎನ್ನುತ್ತಾಳೆ. ಮಾವ ಅವಳಿಗೆ ಹೆಂಡತಿಯ ಗಡಿಯಾರ ಕೊಟ್ಟು, ನಮ್ಮನ್ನು ಮರೆತು ಇನ್ನೊಂದು ಮದುವೆಯಾಗು ಎನ್ನುತ್ತಾನೆ. ಸೇವೆ ಮಾಡಿಸಿಕೊಂಡ ಹಿರಿಯ, ಸೇವೆ ಮಾಡಿದವಳ ಬದುಕನ್ನೂ ಯೋಚಿಸುತ್ತಾನೆ. ನಮ್ಮ ಕಣ್ಣೀರಿನ ಕತೆಗಳಲ್ಲಿ ಇದು ಅಪರೂಪ.

ಇನ್ನೊಂದು ಮಾತು. ವಯಸ್ಸಾದವರಿಗೆ ಊಟ, ಔಷಧ ಕೊಟ್ಟರೆ ಮುಗಿಯಿತೇ? 'ತಬರನ ಕಥೆ'ಯ ತಬರನಿಗೆ ಪಿಂಚಣಿ ಬೇಕಿತ್ತು, ಹೆಂಡತಿಯ ಕಾಲಿನ ಗಾಯಕ್ಕೆ. ಅವನನ್ನು ಅಲೆದಾಡಿಸಿದ್ದು ಸೊಸೆಯಲ್ಲ, ಕಚೇರಿ. ನಮ್ಮೂರಿನ ಹೆಸರನ್ನೇ ಹೆಸರಿನಲ್ಲಿಟ್ಟುಕೊಂಡ ಶಿಕಾರಿಪುರ ಕೃಷ್ಣಮೂರ್ತಿಯವರು ನಟಿಸಿದ 'ಕೂರ್ಮಾವತಾರ'ದಲ್ಲಿ (2011) ನಿವೃತ್ತಿಯ ಅಂಚಿನಲ್ಲಿರುವ ಗುಮಾಸ್ತರಿಗೆ ಗಾಂಧಿಯ ಪಾತ್ರ ಸಿಕ್ಕಿ ಬದುಕೇ ಬೇರೆಯಾಗುತ್ತದೆ. 2016ರಲ್ಲಿ ತೆರೆಕಂಡ 'ತಿಥಿ'ಯ ಗಡ್ಡಪ್ಪ ಆಸ್ತಿಯೂ ಬೇಡ, ಮನೆಯೂ ಬೇಡ ಎಂದು ಅಡ್ಡಾಡುತ್ತಾನೆ. ನಾವು ನಗುತ್ತೇವೆ, ಮೆಚ್ಚುತ್ತೇವೆ. ಆದರೆ ನಮ್ಮ ಮನೆಯ ಅಜ್ಜಿ ಹಾಗೆ ಹೊರಟರೆ? ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಮನೆ ಬಿಟ್ಟು ಹೊರಟ ಅಕ್ಕಮಹಾದೇವಿಗೆ ಎಂಟು ನೂರು ವರ್ಷಗಳಿಂದ ಕೈಮುಗಿಯುವ ನಾವು, ನಮ್ಮ ಅಜ್ಜಿ ಒಬ್ಬಳೇ ಚಂದ್ರಗುತ್ತಿಗೆ ಹೋಗಿಬರುತ್ತೇನೆಂದರೆ "ಈ ವಯಸ್ಸಿಗೆ ಯಾಕೆ ನಿಮಗೆ" ಎಂದು ಚಪ್ಪಲಿ ಒಳಗಿಡುತ್ತೇವೆ. ಮುದುಕನಿಗೆ ಆಸೆಯಿದ್ದರೆ ಅದು ಕತೆಯಾಗುತ್ತದೆ, ಮುದುಕಿಗೆ ಆಸೆಯಿದ್ದರೆ ಹಟವಾಗುತ್ತದೆ.

ಬದುಕಿನುದ್ದಕ್ಕೂ ಎಲ್ಲರದ್ದೂ ಆದ ಮೇಲೆ ಉಂಡವಳಿಗೆ, ತನಗೇನು ಬೇಕೆಂದು ಹೇಳುವ ಅಭ್ಯಾಸವೇ ತಪ್ಪಿರುತ್ತದೆ. ಎಪ್ಪತ್ತಕ್ಕೆ ಅದು ಒಮ್ಮೆಲೇ ಬರುವುದಿಲ್ಲ. ಆದ್ದರಿಂದ ಮುಪ್ಪಿನ ಪ್ರಶ್ನೆ ಮುಪ್ಪಿನಲ್ಲಿ ಶುರುವಾಗುವುದಲ್ಲ, ಸೊಸೆಯಾಗಿ ಬಂದ ವರ್ಷವೇ ಶುರುವಾಗುತ್ತದೆ ಎಂದು ನನಗೆ ತೋರುತ್ತದೆ. ವಾರದಲ್ಲಿ ಎರಡು ರಾತ್ರಿ ಮಗನೇ ತಾಯಿಯ ಕೋಣೆಯಲ್ಲಿ ಮಲಗಲಿ. ತಿಂಗಳಿಗೊಮ್ಮೆ ಮಗಳು ತವರಿಗೆ ಹೋಗಿ ಅತ್ತಿಗೆಯನ್ನು ಅವಳ ತವರಿಗೆ ಕಳಿಸಲಿ. ಅಜ್ಜಿ ಚಂದ್ರಗುತ್ತಿಗೆ ಹೋಗಬೇಕೆಂದರೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ ಹೇಳೋಣ. ಹಿರಿಯರಿಗಾಗಿ ಅಳುವುದು ಬೇಡವೆಂದಲ್ಲ. ಅತ್ತ ಮೇಲೆ ಇಷ್ಟಾದರೂ ಮಾಡಿದರೆ, ನಮ್ಮ ನಂತರ ಬರುವ ಹುಡುಗಿಗೆ ಹೊತ್ತಿಗೆ ಸರಿಯಾಗಿ ಒಂದು ತುತ್ತು ಸಿಕ್ಕೀತು.