ಹೋದವರು ಮರಳಿ ಬರುವರೇ?



ಕೆಲವು ವರ್ಷಗಳ ಹಿಂದಿನ ಮಾತು. ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ಹೊಸಪೇಟೆಯಲ್ಲಿ ಸಮಾಧಿಗಳನ್ನು ಆಶೀರ್ವದಿಸಿ ಹಿಂದಿರುಗುತ್ತಿದ್ದಾಗ ವಯಸ್ಸಾದ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಗೋರಿಯ ಪಕ್ಕದ ಎಕ್ಕದ ಗಿಡದ ಮೇಲೆ ಕಿತ್ತಳೆ ಬಣ್ಣದ ಚಿಟ್ಟೆಯೊಂದು ಕುಳಿತಿತ್ತು. "ಸ್ವಾಮೀ, ಮೇಣದಬತ್ತಿ ಹಚ್ಚಿದಾಗಿಂದ ಈ ಪಾತರಗಿತ್ತಿ ಇಲ್ಲೇ ಸುತ್ತಾಕ ಹತ್ತೈತ್ರೀ. ನನ್ನ ಮಗಾನ ಬಂದಾನ ಅನಸ್ತೈತಿ. ಹಂಗ ಅನ್ಕೊಂಡ್ರ ಪಾಪ ಆಗ್ತೈತೇನ್ರೀ?" ಎಂದು ಕೇಳಿದರು.

ಸೆಮಿನರಿಯಲ್ಲಿ ಕಲಿತ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಕಣ್ಣೀರಿನ ಮುಂದೆ ಅದನ್ನು ಹೇಳಲಾಗಲಿಲ್ಲ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಬಂದೆ. ಅಂದು ಉಳಿದ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಇದು ಹೊಸಪೇಟೆಯ ಪ್ರಶ್ನೆ ಮಾತ್ರವಲ್ಲ. ದೂರದ ಮೆಕ್ಸಿಕೋ ದೇಶದ ಮಿಚೋಕಾನ್ ಪ್ರಾಂತದ ಬೆಟ್ಟಗಳಿಗೆ ಪ್ರತಿವರ್ಷ ನವೆಂಬರ್ ಮೊದಲ ದಿನಗಳ ಸುಮಾರಿಗೆ ಮೊನಾರ್ಕ್ ಎಂಬ ಚಿಟ್ಟೆಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ತೀರಿಹೋದ ಹಿರಿಯರ ಆತ್ಮಗಳೇ ಹೀಗೆ ಮನೆಗೆ ಮರಳುತ್ತವೆ ಎಂಬುದು ಅಲ್ಲಿನ ಮೂಲನಿವಾಸಿಗಳಾದ ಪುರೆಪೆಚಾ ಮತ್ತು ಮಜಾವಾ ಜನರ ನಂಬಿಕೆ. ನವೆಂಬರ್ 1 ಮತ್ತು 2ರಂದು ಅವರು ಗೋರಿಗಳನ್ನು ಚೆಂಡುಹೂಗಳಿಂದ ಸಿಂಗರಿಸಿ, ದೀಪ ಹಚ್ಚಿ, ಅಗಲಿದವರಿಗೆ ಪ್ರಿಯವಾಗಿದ್ದ ಅಡುಗೆಯನ್ನಿಡುತ್ತಾರೆ. ಯುದ್ಧದಲ್ಲಿ ಮಡಿದ ವೀರರು ನಾಲ್ಕು ವರ್ಷಗಳ ಬಳಿಕ ಹಕ್ಕಿಗಳೂ ಚಿಟ್ಟೆಗಳೂ ಆಗಿ ಮಕರಂದ ಹೀರುವರೆಂಬ ಅಜ್ಟೆಕ್ ಜನರ ನಂಬಿಕೆಯನ್ನು 16ನೇ ಶತಮಾನದಲ್ಲೇ ಫ್ರಾನ್ಸಿಸ್ಕನ್ ಗುರು ಬೆರ್ನಾರ್ದಿನೋ ದೆ ಸಹಗೂನ್ ಬರೆದಿಟ್ಟಿದ್ದಾರೆ.

ನಮ್ಮ ನೆರೆಹೊರೆಯವರೂ ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಟ್ಟು ಕಾಗೆ ಬರುವುದನ್ನು ಕಾಯುವುದಿಲ್ಲವೇ? ಕಾಗೆ ತಡಮಾಡಿದರೆ ಮನೆಯವರ ಮುಖ ಬಾಡುತ್ತದೆ. ಪ್ರೀತಿಗೆ ಅಗಲಿಕೆಯನ್ನು ಒಪ್ಪುವುದು ಕಷ್ಟ. ಇದನ್ನು ಕಂಡು ನಗುವ ಅಧಿಕಾರ ನಮಗಿಲ್ಲ.

ಆದರೆ ಆ ಚಿಟ್ಟೆಗಳ ನಿಜವಾದ ಕಥೆ ಇನ್ನೂ ಆಳವಾದುದು. ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಹೊರಟ ಮೊನಾರ್ಕ್ ಚಿಟ್ಟೆಗಳಲ್ಲಿ ಕೆಲವು ಸುಮಾರು 4,000 ಕಿಲೋಮೀಟರ್ ಹಾರಿ, 3,000 ಮೀಟರ್ ಎತ್ತರದ ಆ ಕಾಡುಗಳಲ್ಲಿ ಚಳಿಗಾಲ ಕಳೆಯುತ್ತವೆ. ಮಾರ್ಚ್ ತಿಂಗಳಲ್ಲಿ ಉತ್ತರಕ್ಕೆ ಹೊರಡುವ ಚಿಟ್ಟೆ ದಾರಿಯಲ್ಲೇ ಮೊಟ್ಟೆಯಿಟ್ಟು ಸಾಯುತ್ತದೆ. ಅದರ ಮಕ್ಕಳು, ಮೊಮ್ಮಕ್ಕಳು ಕೆಲವೇ ವಾರ ಬದುಕಿ ಪಯಣವನ್ನು ಮುಂದುವರಿಸುತ್ತವೆ. ಬೇಸಿಗೆಯ ಕೊನೆಯಲ್ಲಿ ಹುಟ್ಟುವ ಪೀಳಿಗೆಯೇ ಮತ್ತೆ ದಕ್ಷಿಣಕ್ಕೆ ಹಾರುವುದು. ಅಂದರೆ ನವೆಂಬರ್‌ನಲ್ಲಿ ಬರುವ ಚಿಟ್ಟೆ ಮಾರ್ಚ್‌ನಲ್ಲಿ ಹೋದದ್ದಲ್ಲ; ಅದರ ಮೊಮ್ಮಗುವೋ ಮರಿಮೊಮ್ಮಗುವೋ! ಆ ಕಾಡನ್ನು ಅದು ಹಿಂದೆಂದೂ ಕಂಡಿಲ್ಲ. ನಮ್ಮ ದಕ್ಷಿಣ ಭಾರತದಲ್ಲಿಯೂ ಅವುಗಳ ಬಂಧುಗಳಾದ ನೀಲಿ ಚುಕ್ಕೆಯ ಕಪ್ಪು ಚಿಟ್ಟೆಗಳು ಮುಂಗಾರಿನ ಹೊತ್ತಿಗೆ ಪಶ್ಚಿಮ ಘಟ್ಟದಿಂದ ಪೂರ್ವಕ್ಕೆ ಹೋಗುತ್ತವೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಮುಂದಿನ ಪೀಳಿಗೆ ಪಶ್ಚಿಮಕ್ಕೆ ಮರಳುತ್ತದೆ. ಎಕ್ಕದ ಎಲೆ ತಿಂದು ಬೆಳೆಯುವ ನಮ್ಮ ಕಿತ್ತಳೆ ಚಿಟ್ಟೆಯಂತೂ ಮೊನಾರ್ಕ್‌ನ ಹತ್ತಿರದ ದಾಯಾದಿ.

ಹೋದದ್ದು ಬರುವುದಿಲ್ಲ, ಆದರೆ ಅದು ಹಿಡಿದ ದಾರಿ ಅಳಿಯುವುದಿಲ್ಲ. ಮಗುವನ್ನು ಕಳೆದುಕೊಂಡ ದಾವೀದ ಅರಸನೂ ಇದನ್ನೇ ಅರಿತನು: ಮಗು ತನ್ನ ಬಳಿಗೆ ಬಾರದು, ತಾನೇ ಅದರ ಬಳಿಗೆ ಹೋಗಬೇಕು. ಧರ್ಮಸಭೆ ನಮಗೆ ಕೊಡುವ ಭರವಸೆ ಪುನರುತ್ಥಾನದ್ದು, ಬೇರೆ ರೂಪ ತಾಳಿ ಹಿಂದಿರುಗುವುದರದ್ದಲ್ಲ. ಮೃತರಿಗಾಗಿ ಪ್ರಾರ್ಥಿಸುವುದು ಅವರನ್ನು ಇಲ್ಲಿಗೆ ಕರೆಯಲು ಅಲ್ಲ, ದೇವರ ಕೈಗೆ ಒಪ್ಪಿಸಲು.

ಹಾಗಾದರೆ ನಮ್ಮ ಪಾಲಿನ ಕರ್ತವ್ಯವೇನು? ಹಂಪಿ, ಕಂಪ್ಲಿಯ ಕಡೆಗೆ ಹೋದರೆ ನೋಡಿ. ವಿಜಯನಗರ 1565ರಲ್ಲಿ ಹಾಳಾಯಿತು. ಆದರೆ ಆ ಕಾಲದ ಕೆಲವು ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ಅಗೆದ ಕೈಗಳು ಮಣ್ಣಾದವು. ಹೂಳೆತ್ತುವ ಕೈಗಳು ಪ್ರತಿ ತಲೆಮಾರಿನಲ್ಲೂ ಇದ್ದುದರಿಂದ ನೀರು ನಿಲ್ಲಲಿಲ್ಲ. ಅಜ್ಜನನ್ನೇ ಕಾಣದ ಮೊಮ್ಮಗ ಅಜ್ಜನಂತೆಯೇ ಅನ್ನದ ತಟ್ಟೆಯ ಮುಂದೆ ಶಿಲುಬೆಯ ಗುರುತು ಹಾಕುವಾಗಲೂ ನಡೆಯುವುದು ಇದೇ.

ಚಿಟ್ಟೆಗೆ ದಾರಿಯನ್ನು ಯಾರೂ ಕಲಿಸಬೇಕಿಲ್ಲ; ನಮ್ಮ ಮಕ್ಕಳಿಗೆ ಕಲಿಸಬೇಕು. ಚಿಟ್ಟೆ ಬಂದಿಳಿಯಲು ಕಾಡೂ ಉಳಿದಿರಬೇಕು. ಮೆಕ್ಸಿಕೋದಲ್ಲಿ ಆ ಕಾಡಿನ ರಕ್ಷಣೆಗೆ ನಿಂತಿದ್ದ ಓಮೆರೋ ಗೋಮೆಸ್ ಎಂಬವರು 2020ರ ಜನವರಿಯಲ್ಲಿ ಕಾಣೆಯಾಗಿ, ಬಳಿಕ ಶವವಾಗಿ ದೊರೆತರು. ಅದಿರಿಗಾಗಿ ನಮ್ಮ ಸಂಡೂರಿನ ಬೆಟ್ಟಗಳನ್ನು ಬಗೆದ ಪರಿಯನ್ನು ಕಂಡು 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಬೇಕಾಯಿತು. ಹಿರಿಯರ ಗೋರಿಗೆ ಸುಣ್ಣ ಬಳಿದು, ಅವರು ಬಿಟ್ಟುಹೋದ ಬೆಟ್ಟವನ್ನೂ ನೀರನ್ನೂ ಸತ್ಯವಂತಿಕೆಯನ್ನೂ ಮಾರಿಕೊಂಡರೆ ಅದೆಂಥ ಸ್ಮರಣೆ?

ಆ ತಾಯಿ ಇಂದು ಮತ್ತೆ ಕೇಳಿದರೆ ಹೀಗೆ ಹೇಳುತ್ತೇನೆ: "ಅಮ್ಮಾ, ಅದು ನಿಮ್ಮ ಮಗನಲ್ಲ. ನಿಮ್ಮ ಮಗ ದೇವರ ಕೈಯಲ್ಲಿದ್ದಾನೆ. ಆದರೆ ಚಿಟ್ಟೆಯನ್ನು ಕಂಡು ಅವನನ್ನು ನೆನೆದದ್ದು ಪಾಪವಲ್ಲ. ಅವನಲ್ಲಿದ್ದ ಒಂದು ಒಳ್ಳೆಯ ಗುಣವನ್ನು ಮೊಮ್ಮಕ್ಕಳಿಗೆ ಹೇಳಿಕೊಡಿ."

ಓದುಗರೇ, ಈ ನವೆಂಬರ್‌ನಲ್ಲಿ ಸಮಾಧಿಯ ಬಳಿಗೆ ಮಕ್ಕಳನ್ನೂ ಕರೆದೊಯ್ಯಿರಿ. ಅಲ್ಲಿ ಮಲಗಿರುವವರ ಬಗ್ಗೆ ಅವರಿಗೆ ಹೇಳಿರಿ. ಕಳೆ ಕೀಳುವಾಗ ಎಕ್ಕದ ಒಂದು ಗಿಡವನ್ನಾದರೂ ಉಳಿಸಿರಿ.